ಬದನೆಕಾಯಿಯ ಹುಳುವಿಗೊಂದು ಬಹಿರಂಗ ಪತ್ರ

ಇವರಿಗೆ: ಶ್ರೀ ಕಾಯಿಕೊರಕ ಹುಳು ಅವರು, ಬದನೆಕಾಯಿಯ ಒಳಕೋಣೆ.
ಇವರಿಂದ: ಚೆನ್ನೈನ ಹಳೇ ಮಹಾಬಲಿಪುರಂ ರಸ್ತೆಯ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿ ವಾಸವಾಗಿರುವ ಕನ್ನಡ ಕುಟುಂಬ.
ವಿಷಯ: ಸಾವಯವ ಪ್ರಮಾಣಪತ್ರ ದಯಪಾಲಿಸುವ ಬಗ್ಗೆ.

ಮಾನ್ಯರೇ,

ಕಳೆದ ಭಾನುವಾರ ಬೆಳಿಗ್ಗೆ ಎಣ್ಣೆಗಾಯಿಗೆಂದು ಸೀಳಿದ ಬದನೆಕಾಯಿಯೊಳಗಿಂದ ತಾವು ತಲೆ ಹೊರಹಾಕಿದಿರಿ. ಇಪ್ಪತ್ತು ವರ್ಷದ ಹಿಂದಾಗಿದ್ದರೆ ಮನೆಯೊಡತಿ ಕಿರುಚಿ, ಕಾಯಿ ಎಸೆದು, ತರಕಾರಿಯವನ ಏಳು ತಲೆಮಾರನ್ನು ಸ್ಮರಿಸುತ್ತಿದ್ದರು. ಈ ಸಲ ಅವರ ಕಣ್ಣು ತುಂಬಿ ಬಂತು. ‘ರೀ, ಬನ್ನಿ ಇಲ್ಲಿ, ಹುಳು ಇದೆ!’ ಎಂದು ಯಜಮಾನರನ್ನು ಕೂಗಿದರು. ಯಜಮಾನರು ಮೊಬೈಲು ಹಿಡಿದು ಓಡಿ ಬಂದರು. ಐದು ನಿಮಿಷದಲ್ಲಿ ತಮ್ಮ ಭಾವಚಿತ್ರ ಬೆಂಗಳೂರು, ಮಂಗಳೂರು, ನ್ಯೂಜೆರ್ಸಿಯ ನೆಂಟರನ್ನು ತಲುಪಿತ್ತು. ಕೆಳಗೆ ಒಕ್ಕಣೆ: ‘ನೂರಕ್ಕೆ ನೂರು ಸಾವಯವ. ಕಿಲೋಗೆ 140 ರೂಪಾಯಿ.’

ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅಜ್ಜಿ ಕೇಳಿದ್ದು ಒಂದೇ ಮಾತು: ‘ಹುಳುಕಿಗೂ ದುಡ್ಡು ಕೊಟ್ಟಿರಾ?’

ಅರ್ಜಿದಾರರಿಗೆ ತಮ್ಮ ಘನತೆ ಗೊತ್ತಿಲ್ಲದ್ದೇನಲ್ಲ. ವಿಜ್ಞಾನಿಗಳ ದಫ್ತರಿನಲ್ಲಿ ತಾವು ಲ್ಯೂಸಿನೋಡ್ಸ್ ಆರ್ಬೊನಾಲಿಸ್. ತಮ್ಮಿಂದಾಗಿ ದೇಶವೇ ಎರಡು ಪಾಳಯವಾಗಿತ್ತು. ಮಣ್ಣಿನ ಬ್ಯಾಕ್ಟೀರಿಯಾದ ಜೀನೊಂದನ್ನು ಸೇರಿಸಿದ, ತಿಂದರೆ ತಾವು ಸಾಯುವಂಥ ಬಿಟಿ ಬದನೆಗೆ 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಮೂರು ದಿನ ಕಳೆದು, ಫೆಬ್ರವರಿ 9ರಂದು, ಬಿಟಿ ಬದನೆಗೆ ತಡೆ ಬಿತ್ತು. ಬಾಂಗ್ಲಾದೇಶ 2013ರಲ್ಲಿ ಅದನ್ನು ಒಪ್ಪಿಕೊಂಡಿತು. ಗಡಿಯ ಈಚೆ ತಾವು ನಿಶ್ಚಿಂತರು.

ಬಿಟಿಗೆಂದು ಆರಿಸಿಕೊಂಡ ತಳಿಗಳ ಪಟ್ಟಿಯಲ್ಲಿ ನಮ್ಮ ಉಡುಪಿ ಗುಳ್ಳವೂ ಇತ್ತು. ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಿಕೊಂಡ ಆರೋಪದ ಮೇಲೆ 2011ರಲ್ಲಿ ಕಾನೂನು ಕ್ರಮಕ್ಕೆ ಮುಂದಾದದ್ದು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ. ಅದರ ಕಚೇರಿ ಇರುವುದು ಇದೇ ಚೆನ್ನೈನ ತರಮಣಿಯಲ್ಲಿ. ಅರ್ಜಿದಾರರು ದಿನಾ ಆ ಕಡೆಯಿಂದಲೇ ಹಾದುಹೋಗುತ್ತಾರೆ, ಕಾರಿನ ಗಾಜು ಏರಿಸಿಕೊಂಡು.

ಇಷ್ಟು ದೊಡ್ಡವರಾದ ತಾವು ಅರ್ಜಿದಾರರಿಗೆ ಒಂದು ಸಣ್ಣ ಮೋಸ ಮಾಡಿದ್ದೀರಿ.

ತಾವು ಕಾಯಿಯ ಒಳಗಿದ್ದಿರಿ ಎಂದರೆ ಹೊರಗೆ ವಿಷ ಬಿದ್ದಿಲ್ಲ ಎಂದು ಮನೆಯವರು ನಂಬಿದ್ದರು. ಆದರೆ ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ತಾವು ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರಿಕೊಳ್ಳುತ್ತೀರಿ, ಬಂದ ದಾರಿಯನ್ನು ತಮ್ಮದೇ ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತೀರಿ. ಆಮೇಲೆ ಮೇಲೆ ಎಷ್ಟು ಸಿಂಪಡಿಸಿದರೂ ತಮಗೆ ತಟ್ಟದು. ತಟ್ಟುವುದಿಲ್ಲವೆಂದೇ ರೈತ ಮತ್ತೆ ಮತ್ತೆ ಸಿಂಪಡಿಸುತ್ತಾನೆ. ಹೀಗಾಗಿ ಹುಳುವಿರುವ ಬದನೆ ವಿಷವಿಲ್ಲದ ಬದನೆಯೇ ಆಗಿರಬೇಕೆಂದಿಲ್ಲ; ವಿಷದಲ್ಲಿ ಮಿಂದೂ ಸೋತ ಬದನೆಯಾಗಿರಬಹುದು. ಇನ್ನು ಮಾರುಕಟ್ಟೆಯಲ್ಲಿ ಮನೆಯೊಡತಿ ಹುಡುಕಿ ಹುಡುಕಿ ಆರಿಸುವ ಆ ದೊಡ್ಡ ತೂತು ತಾವು ಕಾಯಿ ಖಾಲಿ ಮಾಡಿ ಹೊರಟದ್ದರ ಗುರುತು. ಬಾಡಿಗೆದಾರ ಬಿಟ್ಟುಹೋದ ಮನೆಯ ಬಾಗಿಲನ್ನು ನೋಡಿ ಇವರು ಕೈಮುಗಿಯುತ್ತಿದ್ದರು.

ತಮ್ಮನ್ನು ನಂಬುವಂತಿಲ್ಲವೆಂದಾದ ಮೇಲೆ ಅರ್ಜಿದಾರರು ಸರ್ಕಾರವನ್ನು ನಂಬಲು ಹೊರಟರು. 2017ರ ನಿಯಮದ ಪ್ರಕಾರ ಸಾವಯವ ಎಂದು ಬರೆದು ಮಾರುವ ಪೊಟ್ಟಣಕ್ಕೆ ಎರಡರಲ್ಲೊಂದು ಆಸರೆ ಬೇಕು. ಒಂದು, ತಪಾಸಣೆ ಸಂಸ್ಥೆ ಬಂದು ಹೊಲ ನೋಡಿ ಕೊಡುವ ಪ್ರಮಾಣಪತ್ರ. ಇನ್ನೊಂದು ಪಿಜಿಎಸ್: ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಾಕ್ಷಿ ಹೇಳುವ ಪದ್ಧತಿ. ರಾಸಾಯನಿಕ ಬಿಟ್ಟ ಮರುದಿನವೇ ಹೊಲ ಸಾವಯವವಾಗುವುದಿಲ್ಲ. ತಪಾಸಣೆಯ ದಾರಿಯಲ್ಲಿ ಒಂದೇ ಹಂಗಾಮಿನ ಬೆಳೆಗೆ ಎರಡು ವರ್ಷ, ಮರಗಿಡಗಳಿಗೆ ಮೂರು ವರ್ಷ ಕಾಯಬೇಕು. ಪಿಜಿಎಸ್‌ನಲ್ಲಿ ಆ ಕಾಯುವ ಕಾಲದ ಫಸಲಿಗೆ ‘ಗ್ರೀನ್’ ಎಂಬ ಬೇರೆ ಗುರುತೇ ಇದೆ. ಯಜಮಾನರು ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದರು. ‘ಐದು ಜನ ನೆರೆಕರೆಯವರು ಒಬ್ಬರ ತೋಟ ಒಬ್ಬರು ನೋಡಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹೆಸರು ಬೇರೆ ಇಟ್ಟಿದ್ದಾರಾ!’ ಎಂದು ಅಜ್ಜಿ ನಕ್ಕರು.

ಆರೋಗ್ಯದ ಲೆಕ್ಕವೂ ಅರ್ಜಿದಾರರು ತಿಳಿದಷ್ಟು ಸಲೀಸಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಸಾವಯವ ಆಹಾರದಲ್ಲಿ ಪೋಷಕಾಂಶ ಹೆಚ್ಚೆನ್ನಲು ಬಲವಾದ ಆಧಾರವಿಲ್ಲ, ಕೀಟನಾಶಕದ ಉಳಿಕೆ ಮಾತ್ರ ಕಡಿಮೆ ಎಂದು 2012ರಲ್ಲಿ ಹೇಳಿದರು. ಬ್ರಿಟನ್ನಿನ ನ್ಯೂಕ್ಯಾಸಲ್‌ನ ತಂಡ 2014ರಲ್ಲಿ 343 ಅಧ್ಯಯನ ಜಾಲಾಡಿ, ಆ್ಯಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದಿತು. ಮನೆಯೊಡತಿ ಎರಡನೆಯದನ್ನು ಗೆಳತಿಯರಿಗೆ ಕಳಿಸಿದರು. ಯಜಮಾನರು ಮೊದಲನೆಯದನ್ನು ತಿಂಗಳ ಕೊನೆಯಲ್ಲಿ ಬಿಲ್ಲು ನೋಡುವಾಗ ನೆನೆಸಿಕೊಳ್ಳುತ್ತಾರೆ.

ಮನೆಯ ಉಳಿದ ಹಸಿರು ವ್ರತಗಳ ವರದಿಯನ್ನೂ ತಮ್ಮ ಗಮನಕ್ಕೆ ತರುವುದು ಒಳ್ಳೆಯದು.

ಅಕ್ಕಿ ಬದಲಾಗಿದೆ. ತಿರುತ್ತುರೈಪೂಂಡಿಯ ನೆಲ್ ಜಯರಾಮನ್ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ನಾಡತಳಿ ಭತ್ತ ಉಳಿಸಿ 2018ರಲ್ಲಿ ತೀರಿಕೊಂಡರು. ಅವರು ಉಳಿಸಿದ ಹೆಸರುಗಳು ಈಗ ಚೆನ್ನೈನ ಅಂಗಡಿಗಳ ಗಾಜಿನ ಭರಣಿಗಳಲ್ಲಿವೆ. ಅರ್ಜಿದಾರರು ತರುವುದು ಮಾಪ್ಪಿಳ್ಳೈ ಸಾಂಬಾ, ಅಂದರೆ ಅಳಿಯನ ಅಕ್ಕಿ. ಮದುಮಗ ಇದನ್ನುಂಡು ಗುಂಡುಕಲ್ಲು ಎತ್ತಿ ತಾಕತ್ತು ತೋರಿಸಬೇಕಿತ್ತೆಂದು ತಮಿಳುನಾಡಿನಲ್ಲಿ ಹೇಳುತ್ತಾರೆ. ಮನೆಯ ಯಜಮಾನರು ಅದನ್ನುಂಡು, ತೇಗಿ, ಎರಡು ಮಹಡಿ ಇಳಿಯಲು ಲಿಫ್ಟಿನ ಗುಂಡಿ ಒತ್ತುತ್ತಾರೆ.

ನೀರಿನದು ಇನ್ನೊಂದು ಕತೆ. ಸಾವಯವ ಸೊಪ್ಪನ್ನು ತೊಳೆಯುವುದು ಫಿಲ್ಟರಿನ ಆರ್‌ಓ ನೀರಿನಲ್ಲಿ. ಒಂದು ಕೊಡ ಶುದ್ಧವಾಗುವಷ್ಟರಲ್ಲಿ ಅದಕ್ಕಿಂತ ಹೆಚ್ಚು ನೀರು ಮೋರಿ ಸೇರುತ್ತದೆ. ಇದೇ ಊರಿಗೆ 2019ರ ಜುಲೈ 12ರಂದು ಜೋಲಾರ್‌ಪೇಟೆಯಿಂದ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂದಿಳಿದಿತ್ತು. ವೀರಾಣಂ ಕೆರೆಯಿಂದ ಇನ್ನೂರು ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಚೆನ್ನೈಗೆ ಬರುವುದು ಕಾವೇರಿಯೇ. ಊರಿನ ನೆಂಟರ ಜೊತೆ ಫೋನಿನಲ್ಲಿ ಕಾವೇರಿ ಜಗಳಕ್ಕೆ ನಿಂತಾಗ ಅರ್ಜಿದಾರರು ಯಾವ ಪಕ್ಷ ವಹಿಸುತ್ತಾರೆಂದು ಕೇಳದಿರುವುದು ಲೇಸು.

ಚೀಲಗಳ ವಿಷಯ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2019ರ ಜನವರಿ 1ರಿಂದ ನಿಷೇಧವಿದೆ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ‘ಮೀಂಡುಂ ಮಂಜಪ್ಪೈ’ ಎಂದು ಹಳದಿ ಚೀಲವನ್ನು ವಾಪಸು ಕರೆಯಿತು. ಕೊಯಂಬೇಡು ಮಾರುಕಟ್ಟೆಯಲ್ಲಿ 10 ರೂಪಾಯಿ ಹಾಕಿದರೆ ಚೀಲ ಉದುರಿಸುವ ಯಂತ್ರವೂ ಬಂತು. ಮದುವೆ ಮನೆಯಲ್ಲಿ ತಾಂಬೂಲ ಹಾಕಿಕೊಡುತ್ತಿದ್ದ ಈ ಚೀಲ ಹಿಡಿದವನನ್ನು ಒಂದು ಕಾಲದಲ್ಲಿ ಹಳ್ಳಿ ಗಮಾರ ಎಂದು ನಗುತ್ತಿದ್ದರು. ಈಗ ಅರ್ಜಿದಾರರ ಮನೆಯಲ್ಲಿ ನಲವತ್ತೊಂದು ಬಟ್ಟೆಚೀಲಗಳಿವೆ, ಎಲ್ಲವನ್ನೂ ಒಂದು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದಾರೆ. ಸಾವಯವ ತರಕಾರಿ ಆ್ಯಪಿನ ಹುಡುಗನ ಬೈಕಿನಲ್ಲಿ, ಟೊಮ್ಯಾಟೊಗೊಂದು ಡಬ್ಬಿ, ಕೊತ್ತಂಬರಿಗೊಂದು ಲಕೋಟೆಯಾಗಿ ಬರುತ್ತದೆ.

ಡಬ್ಬಿಗಳು ಕೊನೆಗೆ ಹೋಗುವ ಜಾಗ ಪೆರುಂಗುಡಿಯ ಕಸದ ರಾಶಿ. ಪಕ್ಕದ ಪಳ್ಳಿಕರಣೈ ಜೌಗುಭೂಮಿ 2022ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಈ ಕಸದ ರಾಶಿ ದಿನಗಟ್ಟಲೆ ಉರಿದಿತ್ತು. ಹೊಗೆ ಬಂದಾಗ ಅರ್ಜಿದಾರರು ಕಿಟಕಿ ಮುಚ್ಚಿ, ಗಾಳಿ ಶುದ್ಧ ಮಾಡುವ ಯಂತ್ರ ಕೊಂಡರು. ಅದೂ ರಟ್ಟು, ಥರ್ಮೋಕೋಲುಗಳ ಸಮೇತ ಬಂತು.

ಇದನ್ನೆಲ್ಲ ನೋಡಿ ನಗುವ ಅಜ್ಜಿ ಒಂದು ವಿಷಯಕ್ಕೆ ಮಾತ್ರ ನಗುವುದಿಲ್ಲ.

ಅವರ ತವರು ಕಾಸರಗೋಡಿನ ಪೆರ್ಲ, ಎಣ್ಮಕಜೆ ಪಂಚಾಯ್ತಿ. ಅಲ್ಲಿನ ಗೇರುತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಗುರಿ ಇದ್ದದ್ದು ಟೀ ಸೊಳ್ಳೆ ಎಂಬ ಕೀಟ, ತಮ್ಮ ದೂರದ ನೆಂಟ. ಬಿದ್ದದ್ದು ಸುರಂಗಬಾವಿಯ ನೀರಿನ ಮೇಲೆ, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಯ ಮೇಲೆ, ಹಟ್ಟಿಯ ಹುಲ್ಲಿನ ಮೇಲೆ. ಅಂಗವಿಕಲವಾಗಿ ಹುಟ್ಟಿದ ಕರುಗಳ ಬಗ್ಗೆ ಮೊದಲು ಬರೆದವರು ಪತ್ರಕರ್ತ ಶ್ರೀಪಡ್ರೆ. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುತ್ತಿದ್ದ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಮರುಕಳಿಸುವುದನ್ನು ಗುರುತಿಸಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದದ್ದು 2017ರಲ್ಲಿ. ಆ ಗೇರುಬೀಜ ತಿಂದವರು ಎಲ್ಲೆಲ್ಲೋ ಇದ್ದರು. ಕಾಯಿಲೆ ಬಿದ್ದವರು ತೋಟದ ಬೇಲಿಯ ಪಕ್ಕದಲ್ಲಿದ್ದರು. ‘ಅದನ್ನೂ ಮದ್ದು ಅಂತಲೇ ಹೇಳಿದ್ದರು’ ಎನ್ನುತ್ತಾರೆ ಅಜ್ಜಿ. ಕನ್ನಡದಲ್ಲಿ ಮನುಷ್ಯನ ಕಾಯಿಲೆಗೆ ಕೊಡುವುದಕ್ಕೂ ಗಿಡಕ್ಕೆ ಹೊಡೆಯುವುದಕ್ಕೂ ಒಂದೇ ಮಾತು.

ಆದ್ದರಿಂದ ಮಾನ್ಯರೇ, ಅಜ್ಜಿಗೆ ತರಕಾರಿ ಕೊಳ್ಳುವಾಗ ಕಾಡುವ ಪ್ರಶ್ನೆ ತಿನ್ನುವವರದಲ್ಲ, ಸಿಂಪಡಿಸುವವರದು. ಅವರು ಬೆಳಿಗ್ಗೆ ಗೇಟಿನ ಹತ್ತಿರ ಬುಟ್ಟಿಯಿಟ್ಟು ಸೊಪ್ಪು ಮಾರುವ ‘ಕೀರೆ ಅಮ್ಮ’ನ ಬಳಿ ಹೋಗುತ್ತಾರೆ. ಹೊನಗೊನ್ನೆಗೆ ಇಲ್ಲಿ ಪೊನ್ನಾಂಗಣ್ಣಿ, ಗಣಿಕೆಗೆ ಮಣತ್ತಕ್ಕಾಳಿ. ಬುಟ್ಟಿಯ ಮೇಲೆ ಚೀಟಿಯಿಲ್ಲ. ಅಜ್ಜಿ ತಮ್ಮ ಹರಕು ತಮಿಳಿನಲ್ಲಿ ಯಾವ ಊರು, ಯಾವ ನೀರು, ಏನು ಹೊಡೆಯುತ್ತೀರಿ, ಹೊಡೆಯುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತೀರಾ ಎಂದು ವಿಚಾರಿಸುತ್ತಾರೆ. ಉತ್ತರ ಎಲ್ಲ ಸಲ ಸಮಾಧಾನದ್ದಲ್ಲ. ಒಮ್ಮೆ ಆಕೆ ‘ಬೆಂಡೆಗೆ ಹೊಡೆಯುತ್ತೇವೆ, ಸೊಪ್ಪಿಗಿಲ್ಲ’ ಎಂದರು. ಅಜ್ಜಿ ಆ ದಿನ ಬೆಂಡೆ ಬಿಟ್ಟು ಸೊಪ್ಪು ತಂದರು. ಅಜ್ಜಿಯ ಈ ಕಾಳಜಿ ಹೊಸದಲ್ಲ. ಕೋವಿಲ್‌ಪಟ್ಟಿಯ ಸರ್ಕಾರಿ ಸಂಶೋಧನಾ ಕೇಂದ್ರದ ಕೆಲಸ ಬಿಟ್ಟು, ಸಾವಯವ ಕೃಷಿಯ ಮಾತು ಹೇಳುತ್ತ ರೈತರ ಹೊಲಗಳಲ್ಲಿ ಅಲೆದ ನಮ್ಮಾಳ್ವಾರ್ 2013ರ ಡಿಸೆಂಬರ್ 30ರಂದು ತೀರಿಕೊಂಡಾಗ, ಟಿವಿಯಲ್ಲಿ ಆ ಹಸಿರು ರುಮಾಲು, ಬಿಳಿ ಗಡ್ಡ ನೋಡಿ ಅಜ್ಜಿ ಅಂದು ರಾತ್ರಿ ಊಟ ಮಾಡಿರಲಿಲ್ಲ. ಮನೆಯ ಉಳಿದವರಿಗೆ ಆಗ ಅವರು ಯಾರೆಂದು ತಿಳಿದಿರಲಿಲ್ಲ. ಈಗ ಅವರ ಚಿತ್ರವಿರುವ ಅಂಗಡಿಯಲ್ಲೇ ಬೆಲ್ಲ ಕೊಳ್ಳುತ್ತಾರೆ.

ಇನ್ನು ಅರ್ಜಿಯ ತುರ್ತಿಗೆ ಕಾರಣ.

ಬಾಲ್ಕನಿಯ ಚೀಲದಲ್ಲಿ ಮನೆಯವರೇ ಒಂದು ಬದನೆ ಗಿಡ ಬೆಳೆಸಿದ್ದರು. ಮಗಳು ಅದಕ್ಕೆ ಹೆಸರಿಟ್ಟಿದ್ದಳು, ಯಜಮಾನರು ವಾರಕ್ಕೊಂದು ಫೋಟೋ ತೆಗೆಯುತ್ತಿದ್ದರು. ಇವತ್ತು ಬೆಳಿಗ್ಗೆ ನೋಡಿದರೆ ತುದಿಯ ಕುಡಿ ಜೋತುಬಿದ್ದಿದೆ, ದಂಟಿನಲ್ಲಿ ಸೂಜಿಯ ಮೊನೆಯಷ್ಟು ತೂತು. ತಮ್ಮ ಸಂಸಾರದವರು ಯಾರೋ ಒಳಗೆ ವಾಸ್ತವ್ಯ ಹೂಡಿದ್ದಾರೆ. ಭಾನುವಾರ ತಮ್ಮನ್ನು ಕಂಡು ಕಣ್ಣೀರಿಟ್ಟ ಮನೆಯೊಡತಿ ಈಗ ಮೊಬೈಲು ತೆರೆದು ಕೂತಿದ್ದಾರೆ. ‘ರೀ, ಇದಕ್ಕೆ ಯಾವ ಮದ್ದು ಹೊಡೀಬೇಕು ಅಂತ ಬೇಗ ನೋಡಿ. ಹತ್ತು ನಿಮಿಷದಲ್ಲಿ ತಂದುಕೊಡ್ತಾರಂತೆ.’

ಅಜ್ಜಿ ಬಾಲ್ಕನಿಗೆ ಹೋಗಿ, ಬಾಡಿದ ಕುಡಿಯನ್ನು ಎರಡು ಬೆರಳಲ್ಲಿ ಚಿವುಟಿ, ಒಲೆಯ ಉರಿಗೆ ಹಿಡಿದರು.

ತಮ್ಮ ವಿಶ್ವಾಸಿಗಳು,
ಅರ್ಜಿದಾರರು