ಶಿರೋದೀಪ ಮೀಮಾಂಸೆ: ಕತ್ತಲಲ್ಲಿ ಓಡುವವರ ಅಗ್ಗದ ಬ್ಯಾಟ್ರಿ ಕುರಿತು

ಯಾವ ಶಾಸ್ತ್ರವೇ ಆದರೂ ಶಬ್ದನಿರ್ಣಯದಿಂದ ಶುರುವಾಗಬೇಕು. ಈ ಶಾಸ್ತ್ರದ ಗ್ರಹಚಾರವೂ ಅಲ್ಲಿಂದಲೇ ಶುರು. ಹಣೆಗೆ ಕಟ್ಟಿಕೊಳ್ಳುವ ದೀಪವನ್ನು ಇಂಗ್ಲೆಂಡಿನವರು ಹೆಡ್‌ಟಾರ್ಚ್ ಎನ್ನುತ್ತಾರೆ, ಅಮೆರಿಕದವರು ಹೆಡ್‌ಲ್ಯಾಂಪ್ ಎನ್ನುತ್ತಾರೆ, ಸಂತೆಯಲ್ಲಿ ಕೇಳುವವರು ‘ತಲೆಗೆ ಕಟ್ಟೋ ಬ್ಯಾಟ್ರಿ ಐತಾ?’ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೆ ಬ್ಯಾಟ್ರಿ ಎಂದು ಹೆಸರು. ಅದರೊಳಗಿನ ಬ್ಯಾಟರಿಗೆ ಶೆಲ್ಲು. ‘ಬ್ಯಾಟ್ರಿಯ ಬ್ಯಾಟರಿ ಹೋಯಿತು’ ಎಂಬ ಪುನರುಕ್ತಿ ದೋಷ ಕನ್ನಡಕ್ಕೆ ತಟ್ಟದಿರುವುದು ಈ ಶೆಲ್ಲಿನ ಕೃಪೆಯಿಂದ ಎಂಬುದು ವೈಯಾಕರಣರ ಗಮನಕ್ಕೆ ಬಂದಂತಿಲ್ಲ. ಪ್ರಸ್ತುತ ಸಂಶೋಧಕರು ಸಭ್ಯ ಸಮಾಜಕ್ಕಾಗಿ ‘ಶಿರೋದೀಪ’ ಎಂಬ ಪದವನ್ನು ಟಂಕಿಸಿದ್ದಾರೆ. ಅವರ ಮನೆಯವರು ಇನ್ನೂ ಬಳಸಲು ಒಪ್ಪಿಲ್ಲ.

ಸಂಶೋಧಕರಿಗೆ ಈ ವಿಷಯ ತಗುಲಿಕೊಂಡದ್ದು ಜನವರಿಯಲ್ಲಿ. ಆ ತಿಂಗಳ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವಾಗ ಗಂಟೆ ಆರೂಮುಕ್ಕಾಲು. ಎಂಟಕ್ಕೆ ಆಫೀಸಿನ ಕ್ಯಾಬು. ನಡುವೆ ಸ್ನಾನ, ತಿಂಡಿ, ಮಗಳ ಜಡೆ. ಓಡಬೇಕೆಂದರೆ ಐದಕ್ಕೇ ಓಡಬೇಕು. ಆ ಹೊತ್ತಿನಲ್ಲಿ ಬೀದಿದೀಪ ಇದ್ದ ಕಡೆ ಫುಟ್‌ಪಾತ್ ಇರುವುದಿಲ್ಲ, ಫುಟ್‌ಪಾತ್ ಇದ್ದ ಕಡೆ ಚರಂಡಿಯ ಮೇಲಿನ ಚಪ್ಪಡಿ ಇರುವುದಿಲ್ಲ.

ಇನ್ನು ಇತಿಹಾಸ. ಬೆಳಕನ್ನು ತಲೆಗೇರಿಸಿದ ಮೊದಲಿಗರು ಓಟಗಾರರಲ್ಲ, ಗಣಿ ಕೆಲಸಗಾರರು. ಟೋಪಿಗೆ ಸಿಕ್ಕಿಸಿದ ಕಾರ್ಬೈಡ್ ದೀಪದ ಕಾಲ ನಡೆದಿರುವಾಗಲೇ, 1910ರ ದಶಕದಲ್ಲಿ, ಎಡಿಸನ್ ಸೊಂಟಕ್ಕೆ ಬ್ಯಾಟರಿಯನ್ನೂ ಟೋಪಿಗೆ ಬಲ್ಬನ್ನೂ ಕಟ್ಟಿಸಿದ. ನಮ್ಮಲ್ಲೂ ಬೆಳಕಿನ ಸರದಿ ಹಾಗೆಯೇ ಇತ್ತು: ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ತಲುಪಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ 1905ರಲ್ಲಿ. ಆಮೇಲೆ ನೀಲಿ ಎಲ್‌ಇಡಿ ಬಂತು. ಅದರ ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಬೆಳಕು ತೆಗೆಯುವುದು ಸಾಧ್ಯವಾಯಿತು. ನೀಲಿಯನ್ನು ಹೊಳೆಯಿಸಿದ ಅಕಸಾಕಿ, ಅಮಾನೊ, ನಕಮುರ 2014ರ ನೊಬೆಲ್ ಪಡೆದರು. ಅದೇ ಎಲ್‌ಇಡಿ ಇವತ್ತು ಫುಟ್‌ಪಾತಿನ ಮೇಲೆ, ಮೊಬೈಲ್ ಕವರಿನ ಪಕ್ಕದಲ್ಲಿ, ಚೌಕಾಸಿಗೆ ಸಿಗುತ್ತದೆ.

ಸಂಶೋಧಕರು ಕೊಂಡದ್ದೂ ಅಲ್ಲಿಯೇ. 399 ಹೇಳಿದ್ದು, 250ಕ್ಕೆ ಇಳಿಯಿತು. ಡಬ್ಬದ ಮೇಲೆ 90,000 ಲ್ಯುಮೆನ್ ಎಂದೂ ಹತ್ತು ಗಂಟೆ ಉರಿಯುತ್ತದೆ ಎಂದೂ ಬರೆದಿತ್ತು.

ಪೂರ್ವಪಕ್ಷ ಇದೇ: ಲ್ಯುಮೆನ್ ಹೆಚ್ಚಿದಷ್ಟೂ ದೀಪ ಶ್ರೇಷ್ಠ. ಖಂಡನೆಗೆ ಪೆನ್ಸಿಲ್ಲೊಂದಿದ್ದರೆ ಸಾಕು. ಒಳ್ಳೆಯ ಬಿಳಿ ಎಲ್‌ಇಡಿಯಿಂದ ಒಂದು ವ್ಯಾಟಿಗೆ ಸುಮಾರು 150 ಲ್ಯುಮೆನ್ ಎಂದು ಧಾರಾಳವಾಗಿಯೇ ಹಿಡಿಯೋಣ. 90,000ಕ್ಕೆ 600 ವ್ಯಾಟ್ ಬೇಕು, ಅಂದರೆ ಹಣೆಯ ಮೇಲೊಂದು ಮಿಕ್ಸಿ. ಇಂಥ ದೀಪಗಳ ಹೊಟ್ಟೆಯಲ್ಲಿರುವುದು ಸಾಮಾನ್ಯವಾಗಿ 18650 ಎಂಬ ಲಿಥಿಯಂ ಶೆಲ್ಲು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದಷ್ಟೇ ಅರ್ಥ. ಒಳ್ಳೆಯದಾದರೆ ಅದರಲ್ಲಿ ಹನ್ನೊಂದು ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. 600 ವ್ಯಾಟ್ ಹೀರಿದರೆ ಅದು ಒಂದು ನಿಮಿಷದ ಮೇಲೆ ಐದಾರು ಸೆಕೆಂಡಿನಲ್ಲಿ ಖಾಲಿ. ಸಂಶೋಧಕರು ಗೇಟು ದಾಟಿ, ಶೂ ಲೇಸು ಕಟ್ಟಿ ತಲೆ ಎತ್ತುವುದರೊಳಗೆ ಪ್ರಳಯ.

ಡಬ್ಬದ ಮೇಲಿನ ಗಂಟೆಯ ಲೆಕ್ಕ ಇನ್ನೂ ಸೂಕ್ಷ್ಮ. ಇಲ್ಲಿ ಫುಟ್‌ಪಾತಿನ ಡಬ್ಬವೊಂದೇ ಅಪರಾಧಿಯಲ್ಲ. ಕೈದೀಪಗಳಿಗೆಂದು ಅಮೆರಿಕದಲ್ಲಿ 2009ರಲ್ಲಿ ಬಂದ ಎಫ್‌ಎಲ್‌1 ಎಂಬ ಮಾನದಂಡವಿದೆ, ದೊಡ್ಡ ಕಂಪನಿಗಳು ಅದನ್ನು ಪಾಲಿಸುತ್ತವೆ. ಅದರ ಪ್ರಕಾರ ದೀಪದ ಆಯುಸ್ಸೆಂದರೆ ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತು. 200 ಲ್ಯುಮೆನ್ನಿನ ದೀಪ 20ಕ್ಕೆ ಕುಸಿದು ಏದುಸಿರು ಬಿಡುತ್ತಿದ್ದರೂ ಶಾಸ್ತ್ರದ ಕಣ್ಣಿನಲ್ಲಿ ಬದುಕಿಯೇ ಇರುತ್ತದೆ. ಪಿಂಚಣಿದಾರರು ನವೆಂಬರಿನಲ್ಲಿ ಬ್ಯಾಂಕಿಗೆ ಕೊಡುವ ಜೀವಂತ ಪ್ರಮಾಣಪತ್ರದಲ್ಲೂ ಓಡಬಲ್ಲರೇ ಎಂದು ಯಾರೂ ಕೇಳುವುದಿಲ್ಲವಷ್ಟೆ.

ಅದೇ ಮಾನದಂಡದಲ್ಲಿ ಒಂದು ಕಾವ್ಯಮಯ ನಿಯಮವೂ ಇದೆ. ಬೆಳಕು ಎಷ್ಟು ದೂರ ಬೀಳುತ್ತದೆ ಎಂಬುದನ್ನು ಕಾಲು ಲಕ್ಸ್ ಉಳಿಯುವ ಜಾಗದವರೆಗೆ ಅಳೆಯುತ್ತಾರೆ. ಹೆಚ್ಚುಕಡಿಮೆ ತಿಳಿಯಾದ ಆಕಾಶದ ಹುಣ್ಣಿಮೆಯಷ್ಟು ಬೆಳಕು. ಡಬ್ಬದಲ್ಲಿ 50 ಮೀಟರ್ ಎಂದಿದ್ದರೆ ಐವತ್ತನೇ ಮೀಟರಿನಲ್ಲಿ ಒಂದು ಹುಣ್ಣಿಮೆ, ಹತ್ತನೇ ಮೀಟರಿನಲ್ಲಿ ಇಪ್ಪತ್ತೈದು. ಗಂಟೆಗೆ ಹತ್ತು ಕಿಲೋಮೀಟರ್ ಓಡುವವರು ಒಂದು ಸೆಕೆಂಡಿನಲ್ಲಿ ಮೂರು ಮೀಟರನ್ನೂ ದಾಟುವುದಿಲ್ಲ. ಗುಂಡಿ ಕಂಡು, ‘ಅಯ್ಯೋ’ ಎಂದು, ಕಾಲು ತಡೆಯಲು ಇಪ್ಪತ್ತೈದು ಹುಣ್ಣಿಮೆ ಧಾರಾಳವಾಯಿತು. ನೂರು ಮೀಟರಿನಾಚೆ ಏನಿದೆ ಎಂಬುದು ಲಾರಿ ಓಡಿಸುವವರ ಚಿಂತೆ.

ಆದ್ದರಿಂದ ಸಿದ್ಧಾಂತ: ಪ್ರಾಮಾಣಿಕವಾದ ನೂರೈವತ್ತು, ಇನ್ನೂರು ಲ್ಯುಮೆನ್ ಸಾಕು. ಉಳಿದ ಹಣವನ್ನು ಪಟ್ಟಿಗೆ ಹಾಕಬೇಕು. ಪಟ್ಟಿಯ ವಿಷಯದಲ್ಲಿ ಸಂಶೋಧಕರದು ಪ್ರತ್ಯಕ್ಷ ಪ್ರಮಾಣ. ಅವರ ದೀಪದ ಭಾರವೆಲ್ಲ ಮುಂದಿತ್ತು. ನಿಮಿಷಕ್ಕೆ ನೂರಅರವತ್ತು ಹೆಜ್ಜೆ ಬಿದ್ದಾಗ ಅದು ನೂರಅರವತ್ತು ಸಲ ಹಣೆಗೆ ಬಡಿಯಿತು. ಬೆವರಿಗೆ ಪಟ್ಟಿ ಸಡಿಲಾಗಿ ದೀಪ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ ಇಳಿಯಿತು. ಓರೆ ಮಾಡುವ ಹಲ್ಲುಚಕ್ರ ಮೂರನೇ ದಿನ ಸವೆದು, ಬೆಳಕು ಅವರ ಶೂಗಳನ್ನು ಮಾತ್ರ ಬೆಳಗುತ್ತಿತ್ತು. ಅಂಗಡಿಯಲ್ಲೇ ಕಟ್ಟಿಕೊಂಡು, ನಿಂತಲ್ಲೇ ಮಂಡಿ ಎತ್ತಿ ಇಪ್ಪತ್ತು ಸಲ ಕುಣಿದು ನೋಡಿದವರೇ ಜಾಣರು. ನಗುವವರು ನಗುತ್ತಾರೆ. ಶೆಲ್ಲಿನ ಡಬ್ಬಿ ತಲೆಯ ಹಿಂದಿದ್ದರೆ ತೂಕ ಸಮನಾಗುತ್ತದೆ. ಐಪಿಎಕ್ಸ್4 ಎಂದಿದ್ದರೆ ಎರಚುವ ನೀರನ್ನು ತಡೆಯುತ್ತದೆ. ಓಟಕ್ಕೂ ಜಿಟಿಜಿಟಿ ಮಳೆಗೂ ಅಷ್ಟು ಸಾಕು. ಐಪಿಎಕ್ಸ್7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದಂತೆ, ಆದರೆ ಆ ಆಳಕ್ಕೆ ಇಳಿದವರಿಗೆ ದೀಪದ ಚಿಂತೆ ಇರಲಾರದು.

ಗುಂಡಿಯ ಅಧ್ಯಾಯ ಮಾತ್ರ ದುಃಖಾಂತ. ಒಂದೇ ಗುಂಡಿ: ಒತ್ತಿದರೆ ಜೋರು, ಮತ್ತೆ ಒತ್ತಿದರೆ ಮಂದ, ಮತ್ತೆ ಒತ್ತಿದರೆ ಹಡಗು ಮುಳುಗುತ್ತಿರುವಂತೆ ಮಿಣುಕು, ಆಮೇಲೆ ಮೋಕ್ಷ. ಆರಿಸಬೇಕಾದರೆ ಪ್ರತಿಸಲವೂ ಮುಳುಗಲೇಬೇಕು.

ಇಷ್ಟೆಲ್ಲ ಆದ ಮೇಲೂ ಹಣೆಯ ದೀಪಕ್ಕೊಂದು ಜನ್ಮದೋಷವಿದೆ, ದುಬಾರಿಯದಕ್ಕೂ ತಪ್ಪಿದ್ದಲ್ಲ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ. ಬೇರು, ಗುಂಡಿ, ದಿಬ್ಬ ಎಲ್ಲ ರಂಗೋಲಿಯಂತೆ ಚಪ್ಪಟೆ. ಮಂಜು ಕವಿದರೆ ಜೋರು ಬೆಳಕು ಹನಿಗಳಿಗೆ ಬಡಿದು ವಾಪಸ್ಸು ಕಣ್ಣಿಗೇ ಬಂದು ಬಿಳಿ ಗೋಡೆ ಕಟ್ಟುತ್ತದೆ. ಆಗ ಮಂದ ಮಾಡಿದವರಿಗೇ ದಾರಿ. ಮಲೆನಾಡಿನ ಹಿರಿಯರು ತೆಂಗಿನ ಒಣಗರಿಯ ಸೂಡಿಯನ್ನು ಮಂಡಿಯ ಮಟ್ಟದಲ್ಲಿ ಬೀಸುತ್ತ ಹೋಗುತ್ತಿದ್ದರು. ಬೀಸಿದಾಗ ಉರಿ ಎದ್ದು, ಕೆಳಗಿನಿಂದ ಬಿದ್ದ ಬೆಳಕಿಗೆ ಪ್ರತಿ ಕಲ್ಲೂ ತನ್ನ ಉದ್ದ ನೆರಳನ್ನು ಮುಂದೆ ಚಾಚುತ್ತಿತ್ತು. ದೀಪವನ್ನು ಹಣೆಯಿಂದ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರೆ ಅದೇ ಫಲ, ಖರ್ಚು ಸೊನ್ನೆ. ಇದನ್ನು ಕಂಡುಹಿಡಿದಾಗ ಸಂಶೋಧಕರಿಗೆ ಆದ ರೋಮಾಂಚನ, ತಮ್ಮ ಅಜ್ಜನಿಗೆ ಇದು ಗೊತ್ತಿತ್ತು ಎಂದು ನೆನಪಾದಾಗ ಇಳಿಯಿತು.

ಈ ಶಾಸ್ತ್ರದ ನಿಜವಾದ ಪಂಡಿತರು ಬೇರೆಯೇ ಇದ್ದಾರೆ. ತ್ರೀ-ಫೇಸ್ ಕರೆಂಟು ರಾತ್ರಿ ಬಂತೆಂದು ಎದ್ದು ಪಂಪ್‌ಸೆಟ್ಟು ಹಾಕಲು ಹೋಗುವ ರೈತರು, ಬೆಳಗಿನ ಜಾವ ರಬ್ಬರ್ ಮರಕ್ಕೆ ಗೀರು ಹಾಕುವವರು, ಮಾರುಕಟ್ಟೆ ತೆರೆಯುವ ಮೊದಲೇ ಹೂ ಬಿಡಿಸುವವರು. ಅವರಿಗೆ ಎರಡೂ ಕೈ ಬಿಡುವಿರಬೇಕು, ಬೆಳಕು ಮೊಳದಳತೆಯಲ್ಲಿ ಬಿದ್ದರಾಯಿತು.

ಚಿಕ್ಕಬಳ್ಳಾಪುರದ ಕಡೆ, ನಂದಿಯ ಬುಡದ ರಸ್ತೆಯಲ್ಲಿ, ಸಂಶೋಧಕರು ಹೀಗೊಂದು ಹೂತೋಟದ ಪಕ್ಕ ಏದುಸಿರು ಬಿಡುತ್ತ ಬಂದರು. ಸೇವಂತಿಗೆ ಸಾಲಿನಲ್ಲಿ ನಾಲ್ಕು ದೀಪಗಳು ಬಗ್ಗಿ ಸಾಗುತ್ತಿದ್ದವು. ಒಂದು ದೀಪ ಎದ್ದು ನಿಂತಿತು.

‘ಯಾಕಣ್ಣ ಹಿಂಗ್ ಓಡ್ತಿದೀಯ, ಏನಾಯ್ತು?’

ವ್ಯಾಯಾಮ ಎಂದರು ಸಂಶೋಧಕರು, ವಿನಯದಿಂದ ಆಕೆಯ ಕಡೆ ಪೂರ್ತಿ ಮುಖ ತಿರುಗಿಸಿ.

‘ಅಯ್ಯೋ, ನಿನ್ ಬ್ಯಾಟ್ರಿ ಆರ್ಸಣ್ಣೋ, ಕಣ್ಣು ಹೋಯ್ತದೆ!’

ಸಂಶೋಧಕರು ತಡಬಡಿಸಿ ಗುಂಡಿ ಒತ್ತಿದರು. ಮಂದವಾಯಿತು. ಇನ್ನೊಮ್ಮೆ ಒತ್ತಿದರು. ಹಡಗು ಮುಳುಗತೊಡಗಿತು, ಬಗ್ಗಿದ್ದ ಉಳಿದ ಮೂರೂ ದೀಪಗಳು ಎದ್ದು ನಿಂತು ನೋಡಿದವು.