ಜವಾಬ್ದಾರಿ ಭಾವ

ಪ್ರತಿ ವಂಶದಲ್ಲೂ ಒಬ್ಬ ಜವಾಬ್ದಾರಿ ಭಾವ ಇರುತ್ತಾನೆ. ಮದುವೆಯಲ್ಲಿ ಅಡುಗೆಯವರ ಜವಾಬ್ದಾರಿ ಅವನದು, ತಿಥಿಯಲ್ಲಿ ಪುರೋಹಿತರ ಜವಾಬ್ದಾರಿ ಅವನದು. ಬಾಮೈದನ ಕ್ರೆಡಿಟ್ ಕಾರ್ಡಿನಲ್ಲಿ 60,000 ರೂಪಾಯಿಯ ಫ್ರಿಜ್ಜು ಕೊಂಡ ಮೇಲೆ ಆ ಸಾಲದ ಜವಾಬ್ದಾರಿಯೂ ಅವನದೇ. ಎದೆಯ ಮೇಲೆ ಅಂಗೈ ಇಟ್ಟು ಹೇಳುತ್ತಾನೆ: ‘ನಂದು ಬಿಡೋ!’ ದುಡ್ಡು ಕೊಡುತ್ತೇನೆ ಎಂದು ಮಾತ್ರ ಅವನು ಎಲ್ಲೂ ಹೇಳಿಲ್ಲ, ಗಮನಿಸಿ.

ಶುರುವಾಗುವುದು ದೀಪಾವಳಿ ಸೇಲಿನಲ್ಲಿ. ‘ನಿನ್ನ ಬ್ಯಾಂಕಿನ ಕಾರ್ಡಿಗೆ ಶೇ 10 ಕಡಿತವಂತೆ, ಸುಮ್ನೆ ಯಾಕೆ ಬಿಡೋದು?’ ಕಡಿತ ಭಾವನಿಗೆ, ಬಿಲ್ಲು ಬಾಮೈದನಿಗೆ. ಸಾಲದ ಸುಖದುಃಖಗಳನ್ನು ಮೂರೇ ಸಾಲಿನಲ್ಲಿ ಹೇಳಿ ಮುಗಿಸಿದ ಸರ್ವಜ್ಞನ ಕಾಲಕ್ಕೆ ಒಟಿಪಿ ಇರಲಿಲ್ಲ. ಇದ್ದಿದ್ದರೆ ನಾಲ್ಕನೆಯ ಸಾಲು ಬೇಕಾಗುತ್ತಿತ್ತು.

ಭಾವ ಮೋಸಗಾರನಲ್ಲ. ಮೊದಲ ಬಿಲ್ಲಿಗೇ 3,000 ಕಳಿಸಿದ. ‘ಬ್ಯಾಂಕಿನವರು ಕೇಳಿದ್ದೇ ಅಷ್ಟು’ ಎಂದ. ಕೇಳಿದ್ದು ನಿಜ, ಕನಿಷ್ಠ ಪಾವತಿ ಸಾಮಾನ್ಯವಾಗಿ ಬಾಕಿಯ ಶೇ 5ರಷ್ಟು. ಆದರೆ ತಿಂಗಳಿಗೆ ಶೇ 3.5ರಂತೆ ಬಡ್ಡಿ 2,100. ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 378. ಭಾವ ಕೊಟ್ಟ 3,000ದಲ್ಲಿ ಫ್ರಿಜ್ಜಿನ ಲೆಕ್ಕಕ್ಕೆ ಸೇರಿದ್ದು 522 ರೂಪಾಯಿ. ಅದು ಒಳಗಿನ ಮೊಟ್ಟೆ ತಟ್ಟೆಯ ಬೆಲೆ ಇರಬಹುದು. ಪೂರ್ತಿ ಬಾಕಿ ತೀರದ ಕಾರಣ ಬಡ್ಡಿಯಿಲ್ಲದ ಅವಧಿಯೂ ಹೋಯಿತು. ಹಾಗಾಗಿ ಬಾಮೈದ ಅದೇ ಕಾರ್ಡಿನಲ್ಲಿ ತಂದ ಕಾಫಿಪುಡಿಗೂ, ತಂದ ದಿನದಿಂದಲೇ ಬಡ್ಡಿ. ಎರಡನೆಯ ತಿಂಗಳು ಭಾವ ಊರಲ್ಲಿರಲಿಲ್ಲ. ಮೂರನೆಯ ತಿಂಗಳು ಊರಲ್ಲಿದ್ದ, ಸಿಗಲಿಲ್ಲ.

ಕೇಳಿಬಿಡಬಹುದಲ್ಲ ಎನ್ನುವವರಿಗೆ ಅಕ್ಕ ಇಲ್ಲವೆಂದು ತೋರುತ್ತದೆ. ಸ್ನೇಹಿತನಾದರೆ ಬೈದು ವಸೂಲು ಮಾಡಬಹುದು. ಅಕ್ಕನ ಗಂಡ ಮನೆಯ ಅಳಿಯ. ಅವನಿಗೆ ಹಬ್ಬಕ್ಕೆ ಪಂಚೆ ಕೊಡಬೇಕು, ಬಾಳೆಲೆಯ ಮೇಲೆ ಮೊದಲ ಹೋಳಿಗೆ ಬಡಿಸಬೇಕು. ಹೋಳಿಗೆಗೆ ತುಪ್ಪ ಹಾಕುತ್ತಾ ‘ಭಾವ, ಕಾರ್ಡಿಂದು...’ ಎಂದು ಬಾಯಿ ತೆರೆದರೆ ಅಮ್ಮ ಅಡುಗೆಮನೆಯಿಂದಲೇ ಕೆಮ್ಮುತ್ತಾಳೆ. ರಾತ್ರಿ ಅಕ್ಕನ ಫೋನು: ‘ಒಂದು ಫ್ರಿಜ್ಜಿಗೆ ಅವರನ್ನ ಅಷ್ಟು ಜನರ ಮುಂದೆ...’ ಮರುದಿನ ಬಾಮೈದನೇ ಕ್ಷಮೆ ಕೇಳುತ್ತಾನೆ.

ಭಾವನ ಹೆಸರಿನಲ್ಲೇ ಒಂದು ಆಡ್‌-ಆನ್ ಕಾರ್ಡ್ ಮಾಡಿಸಿದರೆ ಬ್ಯಾಂಕಾದರೂ ಅವನನ್ನು ಹಿಡಿದೀತು ಎಂಬ ಉಪಾಯವನ್ನೂ ಒಬ್ಬ ಸಹೋದ್ಯೋಗಿ ಕೊಟ್ಟ. ಬಾಮೈದ ವಿಚಾರಿಸಿದ. ರಿಸರ್ವ್ ಬ್ಯಾಂಕಿನ ನಿಯಮದಂತೆ ಆಡ್‌-ಆನ್ ಕಾರ್ಡಿನ ಹೊಣೆಯೂ ಮೂಲ ಕಾರ್ಡುದಾರನದೇ. ಉಪಾಯ ಅಲ್ಲಿಗೇ ನಿಂತಿತು.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ನಡುವಿನ ಹನ್ನೊಂದು ಗಂಟೆ ಬಾಮೈದ ಫೋನಿಗೆ ಹೆದರುತ್ತಾನೆ. ಏಳರ ಮೇಲೆ ಧೈರ್ಯ ತಂದುಕೊಂಡು ಭಾವನಿಗೆ ಮಾಡಿದರೆ ‘ಅಯ್ಯೋ, ನಿನಗೇ ಮಾಡೋಣ ಅಂತಿದ್ದೆ ನೋಡು!’

ಭಾವನ ಅನುಕಂಪಕ್ಕಂತೂ ಕೊರತೆಯಿಲ್ಲ. ಕಾರ್ಡು ಬಾಕಿಗೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪೇಪರಿನಲ್ಲಿ ಅದನ್ನು ಓದಿ ಭಾವ ಕೆಂಡವಾದ. ‘ಹೀಗಾದ್ರೆ ನಿನ್ನಂಥೋರ ಗತಿ ಏನೋ?’ ಎಂದು ಬಾಮೈದನ ಭುಜ ತಟ್ಟಿದ. ಅವನ ಸ್ವಂತ ಸಿಬಿಲ್ ಅಂಕ ತುಂಬ ಚೆನ್ನಾಗಿದೆ. ಅವನ ಹೆಸರಿನಲ್ಲಿ ಸಾಲವೇ ಕೆಟ್ಟಿಲ್ಲವಲ್ಲ!

ಕೊನೆಗೆ ಬಾಮೈದನ ಹೆಂಡತಿ ಆ ಕಾರ್ಡನ್ನು ಸಾಸಿವೆ ಡಬ್ಬಿಯ ತಳಕ್ಕೆ ಸೇರಿಸಿದಳು. ಎಂಟು ದಿನ ಮನೆಯಲ್ಲಿ ನೆಮ್ಮದಿ. ಅಂಗಡಿ ಆ್ಯಪ್‌ಗಳು ಕಾರ್ಡಿನ ಅಂಕಿಯ ಬದಲು ಟೋಕನ್ ಉಳಿಸಿಕೊಳ್ಳುವ ವ್ಯವಸ್ಥೆ 2022ರ ಅಕ್ಟೋಬರಿನಿಂದ ಇದೆ. ಆ ಟೋಕನ್ ಭಾವನ ಮೊಬೈಲಿನಲ್ಲಿ ಭದ್ರವಾಗಿತ್ತು.

ಒಂಬತ್ತನೆಯ ದಿನ ಬಾಮೈದನ ಫೋನು ಟಿಂಗ್ ಎಂದಿತು. ಹಿಂದೆಯೇ ಭಾವನ ಕರೆ: ‘ಆರಂಕಿ ಬಂತಾ? ಬೇಗ ಹೇಳೋ, ಟೈಮ್ ಆಗೋಗತ್ತೆ.’