ಪಂಚಮ ಪಾತಾಳಕ್ಕೆ: ಒಂದು ಕೈಪಿಡಿಯ ಸಂದರ್ಶನ

ಜಯನಗರ, ಬನಶಂಕರಿ ಕಡೆಯ ಸಂಗೀತ ಪಾಠದ ವಾಟ್ಸ್ಯಾಪ್ ಗುಂಪುಗಳಲ್ಲಿ ಈಚೆಗೆ ನಡೆಯುತ್ತಿರುವ ಗಲಾಟೆ ಓದುಗರಿಗೆ ಗೊತ್ತೇ ಇದೆ. ಮೇಡಂ ತಮ್ಮ ಹಳೇ ನೋಟ್‌ಬುಕ್ಕಿನ ಪುಟದ ಫೋಟೋ ಹಾಕುತ್ತಾರೆ. ಅರ್ಧ ಪುಟದ ಮೇಲೆ ಹೆಬ್ಬೆರಳಿನ ನೆರಳು. ಬಿ.ಟಿ.ಎಂ. ಲೇಔಟಿನ ಇಂಜಿನಿಯರ್ ಶಿಷ್ಯನೊಬ್ಬ "ಕೊಡಿ ಮೇಡಂ, ನೀಟಾಗಿ ಟೈಪ್ ಮಾಡಿಕೊಡ್ತೀನಿ" ಅನ್ನುತ್ತಾನೆ. ಶನಿವಾರ ಮುಗಿದು ಭಾನುವಾರ ಕಳೆದರೂ ಪುಟ ಬರುವುದಿಲ್ಲ. ಕೊನೆಗೆ ಬಂದಾಗ ಪಂಚಮ ಪಾತಾಳದಲ್ಲಿರುತ್ತದೆ. ಶಿಷ್ಯ ತಪ್ಪನ್ನು ಲಿಲಿಪಾಂಡ್ ಎಂಬ, ಸ್ವರಪುಟ ಅಚ್ಚುಮಾಡುವ ತಂತ್ರಾಂಶದ ತಲೆಗೆ ಕಟ್ಟುತ್ತಾನೆ. ತಂತ್ರಾಂಶ ಬಾಯಿಬಿಡುವುದಿಲ್ಲ, "ಕೈಪಿಡಿ ಓದಿ" ಅನ್ನುತ್ತದೆ. ಆದ್ದರಿಂದ ಕೈಪಿಡಿಯನ್ನೇ ಹಿಡಿದು ಕೂರಿಸಿದೆವು. ಲಿಲಿಪಾಂಡ್ ಮನೆತನದಲ್ಲಿ ಕೈಪಿಡಿಗಳು ಹಲವು. ನಮಗೆ ಸಿಕ್ಕವರು ದಪ್ಪಗಿರುವ ನೊಟೇಶನ್ ರೆಫರೆನ್ಸ್.

ಪ್ರಶ್ನೆ: ನಮಸ್ಕಾರ. ಓದುಗರಿಗೆ ಸ್ವಲ್ಪ ನಿಮ್ಮ ಪರಿಚಯ ಹೇಳಿ.

ಕೈಪಿಡಿ: ಊರು ನೆದರ್ಲೆಂಡ್ಸ್. 1996ರಲ್ಲಿ ಹಾನ್-ವೆನ್ ನೀನ್‌ಹೌಸ್, ಯಾನ್ ನ್ಯೂವೆನ್‌ಹೌಜೆನ್ ಅಂತ ಇಬ್ಬರು ನಮ್ಮನ್ನು ಶುರು ಮಾಡಿದರು. ಒಬ್ಬರು ಹಾರ್ನ್ ಊದುವವರು, ಇನ್ನೊಬ್ಬರು ವಯೋಲ ನುಡಿಸುವವರು. ಕಂಪ್ಯೂಟರಿನಲ್ಲಿ ಅಚ್ಚಾದ ಸ್ವರಪುಟ ಕಂಡರೆ ಇಬ್ಬರಿಗೂ ಆಗುತ್ತಿರಲಿಲ್ಲ. ಎಲ್ಲ ಗೆರೆಯೂ ಒಂದೇ ದಪ್ಪ, ಎಲ್ಲ ಅಂತರವೂ ಅಳೆದಿಟ್ಟ ಹಾಗೆ, ಜೀವವೇ ಇಲ್ಲ. ಮುಂಚೆ ಲೋಹದ ತಗಡಿನ ಮೇಲೆ ಕೈಯಿಂದ ಕೊರೆಯುತ್ತಿದ್ದರು ಸ್ವಾಮಿ! ಬಾಖ್‌ನ ಚೆಲ್ಲೋ ಸೂಟುಗಳ 1950ರ ಬೇರೆನ್‌ರೈಟರ್ ಆವೃತ್ತಿ ನೋಡಿದ್ದೀರಾ? ಒಂದೊಂದು ಸ್ವರವೂ ಉಸಿರಾಡುತ್ತದೆ. ಆಮೇಲೆ ಬಂದ ಕಂಪ್ಯೂಟರ್ ಆವೃತ್ತಿಗಳನ್ನು ಪಕ್ಕದಲ್ಲಿಟ್ಟು ನೋಡಿ...

ಪ್ರಶ್ನೆ: ಪಂಚಮದ ವಿಷಯಕ್ಕೆ ಬರೋಣ.

ಕೈಪಿಡಿ: ...ಪಕ್ಕದಲ್ಲಿಟ್ಟು ನೋಡಿದರೆ ಅಳು ಬರುತ್ತದೆ. ಇದನ್ನೂ ನೋಡಿ: ನನ್ನ ತಮ್ಮ, 'ಎಸ್ಸೇ' ಅಂತ ಹೆಸರು. ಇದನ್ನೆಲ್ಲ ಚಿತ್ರಸಮೇತ ಬರೆದಿದ್ದಾನೆ.

ಪ್ರಶ್ನೆ: ಅದಿರಲಿ, ನಿಮಗೆ ಕನ್ನಡ ಅರ್ಥವಾಗುತ್ತಾ? ಈ ಊರಿನಲ್ಲಿ ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಸಾಹಿತ್ಯ ರಾಶಿ ಬಿದ್ದಿದೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳವು. ಈಗ ಫೈಲ್ ತೆರೆದರೆ ಡಾಲರ್ ಗುರುತು, ಬ್ರಾಕೆಟ್ಟು, ಕೊಂಬು ಬಂದ ರೋಮನ್ ಅಕ್ಷರ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ಇವತ್ತಿಗೂ ಜನ ಅದೇ ಫಾಂಟುಗಳಲ್ಲಿ...

ಕೈಪಿಡಿ: ನನ್ನ ವ್ಯಾಪ್ತಿಗೆ ಬರುವುದಿಲ್ಲ. ಫೈಲನ್ನು ಯುಟಿಎಫ್-8ನಲ್ಲಿ ಉಳಿಸಿ ಕೊಡಿ, ಕನ್ನಡ ಸಾಹಿತ್ಯವನ್ನು ಸ್ವರದ ಕೆಳಗೆ ಅಚ್ಚುಕಟ್ಟಾಗಿ ಕೂರಿಸುತ್ತೇನೆ, ಒತ್ತಕ್ಷರ ಸಮೇತ. ಒಂದೇ ಷರತ್ತು. ಅಕ್ಷರ ಅಕ್ಷರಕ್ಕೂ ನಡುವೆ ಜಾಗ ಬಿಟ್ಟು, ಎರಡು ಸಣ್ಣ ಅಡ್ಡಗೆರೆ ಹಾಕಿ, ಮತ್ತೆ ಜಾಗ ಬಿಡಬೇಕು. ಜ, ಯ, ನ, ಗ, ರ ಅಂತ ಬಿಡಿಸಿ ಕೊಟ್ಟರೆ ಐದು ಸ್ವರಕ್ಕೆ ಐದು ಅಕ್ಷರ. ಹಾಗೇ ಕೊಟ್ಟರೆ ಇಡೀ ಜಯನಗರ ಒಂದೇ ಸ್ವರದ ಕೆಳಗೆ ಬಂದು ನಿಲ್ಲುತ್ತದೆ.

ಪ್ರಶ್ನೆ: ಸಂಜೆ ಫೋರ್ತ್ ಬ್ಲಾಕಿನಲ್ಲಿ ಆಗುವುದೂ ಅದೇ. ಇರಲಿ, ಆರೋಪಕ್ಕೆ ಬರುತ್ತೇನೆ. ಪಾಠಕ್ಕೆ ಸೇರಿದ ಮಗು ಮೊದಲ ದಿನ ಹಾಡುವುದು ಸ-ಪ-ಸ. ಅದನ್ನು ನಿಮಗೆ ಬರೆದುಕೊಟ್ಟರೆ ಪ ಕೆಳಕ್ಕೆ ಬಿದ್ದು ಮಂದ್ರಕ್ಕೆ ಹೋಗುತ್ತದೆ. ಮೇಲಿನ ಸ ಬರುವುದೇ ಇಲ್ಲ, ಹೊರಟ ಸ ಮತ್ತೆ ಮನೆಗೆ ಬರುತ್ತದೆ. ಇದೇನು ನ್ಯಾಯ?

ಕೈಪಿಡಿ: ಬಂದಿರಿ ದಾರಿಗೆ! ಇದೇ ನನ್ನ ಎದೆಯಲ್ಲಿರುವ ಮುಳ್ಳು. ರಿಲೇಟಿವ್ ಅನ್ನುವ ಆದೇಶ ಹಾಕಿದ್ದು ಯಾರು? ನೀವು. ಅದರ ನಿಯಮ ಏನು? ಹಿಂದಿನ ಸ್ವರಕ್ಕೆ ಯಾವುದು ಹತ್ತಿರವೋ ಅಲ್ಲಿ ಇಡು ಅಂತ. ಸ ಇಂದ ಮೇಲಿನ ಪ ಐದನೆಯದು, ಕೆಳಗಿನ ಪ ನಾಲ್ಕನೆಯದು. ಯಾವುದು ಹತ್ತಿರ? ಕೆಳಗಿನದು. ಅಲ್ಲಿಂದ ಹತ್ತಿರದ ಸ ಯಾವುದು? ಹೊರಟ ಸ. ಪ ಮುಂದೆ ಒಂದೇ ಒಂದು ಮೇಲ್‌ಕೊಕ್ಕೆ ಹಾಕಿದ್ದರೆ ಪ ಮೇಲಕ್ಕೆ ಬರುತ್ತಿತ್ತು, ಅದರ ಬೆನ್ನಿಗೇ ತಾರದ ಸ ತಾನಾಗಿ ಬರುತ್ತಿತ್ತು. ಇದನ್ನು ಉದಾಹರಣೆ ಕೊಟ್ಟು ಬರೆದಿದ್ದೇನೆ. ಓದಿದವರು ಯಾರು? ನನ್ನ ಕಿರಿಯ ತಮ್ಮ, ಕಲಿಕೆಯ ಕೈಪಿಡಿ, ಮೊದಲ ಪುಟದಿಂದ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ಅವನನ್ನು ದಾಟಿಕೊಂಡು ಎಲ್ಲರೂ ನೇರ ನನ್ನ ಮನೆ ಬಾಗಿಲಿಗೆ. ಬಂದು ಒಂದು ಉದಾಹರಣೆ ಕದ್ದು ಅಂಟಿಸಿಕೊಂಡು ಓಟ. ಅದರ ಮೇಲಿನ ವರ್ಷನ್ ಸಾಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಯಾವ ಕಾಲದ ಬರಹ ಅಂತ ನನಗೆ ಗೊತ್ತಾಗುವುದೇ ಆ ಸಾಲಿನಿಂದ!

ಪ್ರಶ್ನೆ: ಆವರಣ ಮುಚ್ಚಲು ಮರೆತದ್ದು ಒಂದು ಕಡೆ, ನೀವು ತಪ್ಪು ತೋರಿಸುವುದು ಎಷ್ಟೋ ಸಾಲು ಕೆಳಗೆ. ಅದರ ಬಗ್ಗೆ?

ಕೈಪಿಡಿ: ವರ್ಷನ್ ಸಾಲು ಮೊದಲನೆಯದಾಗಿರಬೇಕು ಸ್ವಾಮಿ. ಒಂದು ಸಾಲು. ಅಷ್ಟೂ ಆಗುವುದಿಲ್ಲವಾ?

ಪ್ರಶ್ನೆ: ಸರಿ, ಬಿಡಿ. ಅಲ್ಪವಿರಾಮಕ್ಕೆ ಬರೋಣ. ನಮ್ಮ ಪಠ್ಯಪುಸ್ತಕಗಳಲ್ಲಿ ಸ್ವರದ ಮುಂದೆ ಅಲ್ಪವಿರಾಮ ಬಂದರೆ ಒಂದು ಅಕ್ಷರಕಾಲ ಹೆಚ್ಚು ಎಳೆಯಬೇಕು ಅಂತ. ಜೂನಿಯರ್ ಪರೀಕ್ಷೆಗೆ ಓದುವ ಮಗುವಿಗೂ ಗೊತ್ತು. ನೀವು ಅದನ್ನು ಕಂಡರೆ ಸ್ವರವನ್ನು ಒಂದು ಸ್ಥಾಯಿ ಕೆಳಕ್ಕೆ ತಳ್ಳುತ್ತೀರಿ.

ಕೈಪಿಡಿ: ನನ್ನಲ್ಲಿ ಅಲ್ಪವಿರಾಮಕ್ಕೆ ಇಳಿ, ಮೇಲ್‌ಕೊಕ್ಕೆಗೆ ಏರು. ಉದ್ದಕ್ಕೆ ಅಂಕಿ. ನಾಲ್ಕು ಅಂದರೆ ಕಾಲು, ಎರಡು ಅಂದರೆ ಅರ್ಧ, ಒಂದು ಅಂದರೆ ಪೂರ್ತಿ.

ಪ್ರಶ್ನೆ: ಅದೇ ಮುಂದಿನ ಆರೋಪ. ನಮ್ಮಲ್ಲಿ ಅಂಕಿ ಸ್ವರಸ್ಥಾನಕ್ಕೆ. ರಿ1 ಶುದ್ಧ, ರಿ2 ಚತುಶ್ಶ್ರುತಿ. ಹನ್ನೆರಡು ಮನೆ, ಹದಿನಾರು ಹೆಸರು. ನಿಮ್ಮ ಡಚ್ ಹೆಸರುಗಳಲ್ಲಿ ಮಾಯಾಮಾಳವಗೌಳ ಬರೆಯಬೇಕಾದರೆ ಸಿ, ಡೆಸ್, ಇ, ಎಫ್, ಜಿ, ಆಸ್, ಬಿ. ಪುರಂದರದಾಸರು ಮಕ್ಕಳಿಗೆಂದು ಆರಿಸಿಕೊಟ್ಟ ರಾಗ ಅಂತ ಹೇಳುತ್ತಾರೆ, ಅದಕ್ಕೆ ಈ ಗತಿ.

ಕೈಪಿಡಿ: ಡಚ್ ಬೇಡವಾದರೆ ಬೇಡ. ಇಟಲಿಯವರು, ಸ್ಪೇನಿನವರು, ಪೋರ್ಚುಗೀಸರು, ಫಿನ್ನರು, ಎಲ್ಲರ ಸ್ವರನಾಮಗಳೂ ನನ್ನಲ್ಲಿವೆ. ನಿಮ್ಮ ಸರಿಗಮವನ್ನು ನೀವೇ ಸೇರಿಸಿಕೊಳ್ಳಬಹುದು. ಸ್ವಲ್ಪ ಸ್ಕೀಮ್ ಭಾಷೆ ಬರಬೇಕು ಅಷ್ಟೆ. ಆದರೆ ಸೇರಿಸಿಕೊಂಡ ಮೇಲೆ ರಿ1 ಅಂತ ಬರೆಯಬೇಡಿ. ನಾನು ಅದನ್ನು ಪೂರ್ಣ ಸ್ವರ ಅಂತ ಎಳೆಯುತ್ತೇನೆ. ಮುಂದಿನ ಸ್ವರಗಳಿಗೆ ಅಂಕಿ ಕೊಡದಿದ್ದರೆ ಅವೂ ಅಷ್ಟೇ ಉದ್ದ. ಸರಳೆ ವರಸೆ ಮುಗಿಯುವ ಹೊತ್ತಿಗೆ ಕ್ಲಾಸ್ ಬಿಟ್ಟಿರುತ್ತದೆ.

ಪ್ರಶ್ನೆ: ತಾಳ?

ಕೈಪಿಡಿ: ತಾಳ ತಪ್ಪಿದರೆ ಸಾಲಿನ ಸಂಖ್ಯೆ ಸಮೇತ ಹೇಳುವವನು ನಾನು. ಸಾಲಿನ ನಡುವೆ ನಿಲುಗೆರೆ ಹಾಕಿ, ಲೆಕ್ಕ ಕೂಡದಿದ್ದರೆ ಎಚ್ಚರಿಕೆ ಕೊಡುತ್ತೇನೆ. ಆದರೆ ಆದಿತಾಳ ಅಂತ ಮೊದಲೇ ಹೇಳಬೇಕು. ಏನೂ ಹೇಳದಿದ್ದರೆ ನಾನು ನಾಲ್ಕು ನಾಲ್ಕಾಗಿ ಎಣಿಸುತ್ತೇನೆ. ಲಘುವಿನ ನಾಲ್ಕು ಆದ ಮೇಲಿನ ಗೆರೆ ಸರಿ, ಮೊದಲ ದ್ರುತದ ಎರಡಾದ ಮೇಲಿನ ಗೆರೆಗೆ ಗದರಿಕೆ, ಎರಡನೇ ದ್ರುತದ ಗೆರೆ ಮತ್ತೆ ಸರಿ. ನಾಲ್ಕು, ಎರಡು, ಎರಡು ಅಂತ ಕೂಡಿಸಿ ಹೇಳುವ ಆದೇಶವೂ ಇದೆ. ಇದನ್ನೂ ನೋಡಿ: ಕಾಂಪೌಂಡ್ ಮೀಟರ್.

ಪ್ರಶ್ನೆ: ಹಾಗಾದರೆ ಐದು ಗೆರೆ ಬೇಡ, ಕನ್ನಡದಲ್ಲೇ ಸ ರಿ ಗ ಮ ಬರೆಯುತ್ತೇವೆ ಅನ್ನೋಣ. ತಾರಸ್ಥಾಯಿಗೆ ಮೇಲೊಂದು ಚುಕ್ಕೆ, ಮಂದ್ರಕ್ಕೆ ಕೆಳಗೊಂದು ಚುಕ್ಕೆ. ಯೂನಿಕೋಡಿನಲ್ಲಿ ಎರಡೂ ಚುಕ್ಕೆ ಇವೆ. ಆದರೆ ಅದನ್ನು ರಿ, ನಿ ಮೇಲೆ ಹಾಕಿ ನೋಡಿ! ಗುಡಿಸು ಮೊದಲೇ ತಲೆಯ ಮೇಲೆ ಕೂತಿದೆ. ಚುಕ್ಕೆ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ, ಇಲ್ಲವೇ ಪಕ್ಕದ ಅಕ್ಷರದ ಮನೆಗೆ ಹೋಗಿ ಕೂರುತ್ತದೆ. ಕೆಳಚುಕ್ಕೆಗೆ ಬದಲು ನುಕ್ತ ಹಾಕಿದವರೂ ಇದ್ದಾರೆ; ಕನ್ನಡದ ನುಕ್ತಕ್ಕೆ ಎರಡು ಚುಕ್ಕೆ, ಆದ್ದರಿಂದ ಸ್ವರ ಮಂದ್ರವನ್ನೂ ದಾಟಿ ಅನುಮಂದ್ರಕ್ಕೆ! ಇದನ್ನು ನೆಟ್ಟಗೆ ಮಾಡಬೇಕಾದದ್ದು ಫಾಂಟ್ ಮಾಡುವವರ ಕೆಲಸವಲ್ಲವಾ? ಮದುವೆ ಪತ್ರಿಕೆಗೆ ಹೊಸ ಹೊಸ ಫಾಂಟು ಬರುತ್ತವೆ, ಸಿನಿಮಾ ಪೋಸ್ಟರಿಗೆ ಬರುತ್ತವೆ, ಸರಳೆ ವರಸೆಗೆ ಮಾತ್ರ...

ಕೈಪಿಡಿ: ಮತ್ತೆ ಫಾಂಟೇ? ಸಂದರ್ಶನ ನನ್ನದಾ, ಚುಕ್ಕೆಯದಾ?

ಪ್ರಶ್ನೆ: ಕ್ಷಮಿಸಿ. ಗಮಕ?

ಕೈಪಿಡಿ: (ಸ್ವಲ್ಪ ಹೊತ್ತು ಪುಟ ತಿರುವಿ) ತಿಳಿದಿರುವ ದೋಷಗಳು ಮತ್ತು ಎಚ್ಚರಿಕೆಗಳು. ಸ್ವರದಿಂದ ಸ್ವರಕ್ಕೆ ಜಾರುವ ಗೆರೆ ಇದೆ, ಕಂಪನಕ್ಕೆ ಸುರುಳಿ ಗೆರೆ ಇದೆ. ತೋಡಿಯ ಗಾಂಧಾರ ನನ್ನ ಕೈಲಾಗದು.

ಪ್ರಶ್ನೆ: ಆದರೆ ನಿಮ್ಮಲ್ಲಿ ಅರಬ್ಬಿ ಸಂಗೀತಕ್ಕೆ ಒಂದು ಭಾಗವಿದೆ, ತುರ್ಕಿ ಶಾಸ್ತ್ರೀಯ ಸಂಗೀತಕ್ಕೆ ಒಂದು ಭಾಗವಿದೆ. ಕರ್ನಾಟಕ ಸಂಗೀತಕ್ಕೆ ಏಕಿಲ್ಲ? ಜರ್ಮನ್, ಫ್ರೆಂಚ್, ಜಪಾನಿ ಅನುವಾದಗಳಿವೆ. ಕನ್ನಡ ಏಕಿಲ್ಲ?

ಕೈಪಿಡಿ: ನನ್ನನ್ನು ಕೇಳುತ್ತೀರಾ? ನನಗೆ ಸಂಬಳ ಕೊಟ್ಟು ಬರೆಸುವ ಕಂಪನಿ ಇಲ್ಲ. ಬೇಕಾದವರು ಬಂದು ಕೂತು ಬರೆದರು. ಅರಬ್ಬಿಯ ಅರೆ-ಇಳಿಕೆ ಸ್ವರಗಳನ್ನು ಹೇಗೆ ಗುರುತಿಸಬೇಕು ಅಂತ ಯಾರೋ ರಾತ್ರಿ ಕೂತು ಬಿಡಿಸಿ ಹೇಳಿದರು, ಅದು ಸೇರಿತು. ನಿಮ್ಮವರು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಬಟನ್ ಎಲ್ಲಿ?"

ಇಲ್ಲಿಂದ ಮುಂದಿನದು ಪ್ರಶ್ನೆಯಾಗಿ ಉಳಿಯಲಿಲ್ಲ.

1904ರಲ್ಲಿ ಎಟ್ಟಯಪುರದ ವಿದ್ಯಾವಿಲಾಸಿನಿ ಮುದ್ರಣಾಲಯದಲ್ಲಿ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ತೆಲುಗಿನಲ್ಲಿ ಅಚ್ಚಾಯಿತು. ಸುಮಾರು 1700 ಪುಟ. ಅದರಲ್ಲಿ ಗಮಕಕ್ಕೂ ಗುರುತುಗಳಿವೆ. ಒಂದೊಂದನ್ನೂ ಲೋಹದ ಅಚ್ಚಿನಲ್ಲಿ ಜೋಡಿಸಿದ್ದರು. ಆ ಗುರುತುಗಳನ್ನು ಹೇಗೆ ಓದಬೇಕೆಂಬ ವಿವರಣೆಯೂ ಅದೇ ಪುಸ್ತಕದಲ್ಲಿದೆ. ಅಂದರೆ ಕೈಪಿಡಿ ಒಳಗೇ ಇತ್ತು. ದೀಕ್ಷಿತರನ್ನು ಈ ಕೆಲಸಕ್ಕೆ ಹಚ್ಚಿದವರಲ್ಲಿ ಚಿನ್ನಸ್ವಾಮಿ ಮೊದಲಿಯಾರ್ ಒಬ್ಬರು. ನಮ್ಮ ಕೃತಿಗಳನ್ನು ಯುರೋಪಿನ ಐದು ಗೆರೆಗೆ ಇಳಿಸಿ 1893ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದವರು ಅವರು. ಐದು ಗೆರೆ ಬಲ್ಲವರೊಬ್ಬರು, ಸಂಪ್ರದಾಯ ಬಲ್ಲವರೊಬ್ಬರು ಒಟ್ಟಿಗೆ ಕೂತರು. ಕರೆಂಟಿಲ್ಲದ ಕಾಲದಲ್ಲಿ ಅಷ್ಟು ಕೆಲಸವಾಯಿತು.

ಮರುವರ್ಷ, 1905ರಲ್ಲಿ, ಬೆಂಗಳೂರು ಗಾಯನ ಸಮಾಜ ಹುಟ್ಟಿತು. ಆಮೇಲೆ ಈ ಭಾಗದಲ್ಲಿ ಏನೇನಿಲ್ಲ? ರಾಮನವಮಿ ಬಂದರೆ ಬೀದಿಗೊಂದು ಕಛೇರಿ. ಜೆ.ಪಿ. ನಗರದ ಏಳನೇ ಹಂತದಲ್ಲಿ 2019ರಿಂದ ಸಂಗೀತಕ್ಕೇ ಒಂದು ವಸ್ತುಸಂಗ್ರಹಾಲಯ. ಮನೆಮನೆಯಲ್ಲಿ ಪಾಠ. ಅದೇ ಮನೆಗಳಲ್ಲಿ ಜಗತ್ತಿನ ಬ್ಯಾಂಕುಗಳಿಗೆ ತಂತ್ರಾಂಶ ಬರೆಯುವವರು. ಆಫೀಸಿನಲ್ಲಿ ಇವರಿಗೆ ಡಾಕ್ಯುಮೆಂಟೇಶನ್ ಅಂದರೆ ನಿನ್ನೆ ಸೇರಿದ ಹುಡುಗನಿಗೆ ವಹಿಸಿ ಕೈ ತೊಳೆದುಕೊಳ್ಳುವ ಕೆಲಸ. ಮಾಡಿದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಬರೆದಿಡುವುದು ಅಂಥ ಕೀಳು ಕೆಲಸವಾದದ್ದು ಯಾವಾಗ? ಈ ಕಡೆ ಜೀವನವಿಡೀ ಪಾಠ ಹೇಳಿದ ಮೇಡಂ ಬರೆದ ನೋಟ್‌ಬುಕ್ಕುಗಳು, ಅವರು ಹೋದ ಮೇಲೆ, ತೂಕಕ್ಕೆ ಹೋಗುತ್ತವೆ. ಯಾವ ಗುರುವಿನ ಪಾಠಾಂತರ, ಯಾವ ಸಂಗತಿ ಎಲ್ಲಿ ಸೇರಿದ್ದು, ಎಲ್ಲ ಹಳೇ ಪೇಪರ್ ಅಂಗಡಿಯ ತಕ್ಕಡಿಗೆ. ಟೈಪ್ ಮಾಡಿಟ್ಟವರದ್ದೂ ಉಳಿಯುವುದಿಲ್ಲ, ಅದು ಸತ್ತ ಫಾಂಟಿನಲ್ಲಿರುತ್ತದೆ. ನನಗೆ ಫಾಂಟಿನ ಹುಚ್ಚು ಅಂತ ನಗುವವರು ಇದನ್ನು ಯೋಚಿಸಲಿ.

ಕೈಪಿಡಿ: (ತುಂಬ ಹೊತ್ತಿನ ಮೇಲೆ) ಮುಗಿಯಿತಾ?

ಪ್ರಶ್ನೆ: ಮುಗಿಯಿತು. ಕೊನೆಯ ಮಾತು ನಿಮ್ಮದು.

ಕೈಪಿಡಿ: ವರ್ಷನ್ ಸಾಲು ಹಾಕಲು ಮರೆಯಬೇಡಿ ಅಂತ ಬರೆಯಿರಿ.

ಪ್ರಶ್ನೆ: ಅದಲ್ಲದೆ?

ಕೈಪಿಡಿ: ನಾನು ಯಾರ ಸ್ವತ್ತೂ ಅಲ್ಲ. ಜಿಎನ್‌ಯುನ ಮುಕ್ತ ದಸ್ತಾವೇಜು ಪರವಾನಗಿಯಲ್ಲಿದ್ದೇನೆ. ಅನುವಾದ ಮಾಡಬಹುದು, ತಿದ್ದಬಹುದು, ಅಧ್ಯಾಯ ಸೇರಿಸಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಅದೇ ಪರವಾನಗಿಯಲ್ಲೇ ಮುಂದಿನವರಿಗೂ ಬಿಟ್ಟುಕೊಡಬೇಕು ಅಷ್ಟೆ. ಯಾರ ಅಪ್ಪಣೆಯೂ ಬೇಕಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಸ್ವರ ಬರೆದ ನೋಟ್‌ಬುಕ್ ಇದ್ದರೆ, ಪಕ್ಕದ ಮನೆಯಲ್ಲಿ ಬ್ಯಾಕ್‌ಸ್ಲ್ಯಾಶ್‌ಗೆ ಹೆದರದ ಹುಡುಗ ಅಥವಾ ಹುಡುಗಿ ಇದ್ದೇ ಇರುತ್ತಾರೆ. ಇಬ್ಬರೂ ಒಂದು ಭಾನುವಾರ ಕೂತು, ಸ-ಪ-ಸ ಬರೆಯುವುದು ಹೇಗೆ ಎಂಬ ಒಂದು ಪುಟವನ್ನು ಕನ್ನಡದಲ್ಲಿ ಬರೆಯಿರಿ. ಅಲ್ಪವಿರಾಮದ ಜಗಳವನ್ನೂ ಅಂಕಿಯ ಜಗಳವನ್ನೂ ಅದರಲ್ಲೇ ಬಿಡಿಸಿ ಹೇಳಿ. ಯೂನಿಕೋಡಿನಲ್ಲೇ ಬರೆಯಿರಿ.